ನೆಲ ಡೊಂಕು ಎನ್ನುವ ಮೊದಲು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಶೈಕ್ಷಣಿಕ ಮನೋವಿಜ್ಞಾನದ ತರಗತಿಯಲ್ಲಿ ರಕ್ಷಣಾ ತಂತ್ರಗಳ ಘಟಕ ಬಂದಾಗ ಸಮರ್ಥನೆಗೆ ಉದಾಹರಣೆಯಾಗಿ ನಾವೆಲ್ಲ ಬರೆದುಕೊಂಡ ಗಾದೆ ಇದು. ಅದರ ಕೆಳಗೆ ಕೈಗೆಟುಕದ ದ್ರಾಕ್ಷಿ, ಅದರ ಕೆಳಗೆ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮೂರು ಸಾಲು, ಎರಡು ಅಂಕ. ಮನುಷ್ಯ ತನ್ನ ಸೋಲನ್ನೋ ತಪ್ಪನ್ನೋ ಒಪ್ಪಿಕೊಳ್ಳುವ ಬದಲು ಅದಕ್ಕೊಂದು ಒಪ್ಪುವಂಥ ಕಾರಣ ಹುಡುಕಿ ತನ್ನ ಸ್ವಗೌರವ ಉಳಿಸಿಕೊಳ್ಳುತ್ತಾನೆ ಎಂಬ ವ್ಯಾಖ್ಯೆಯನ್ನು ಪರೀಕ್ಷೆಗೆ ಓದುವಾಗ ಅದು ಬೇರೆ ಯಾರದೋ ವಿಷಯ ಎಂಬಂತಿತ್ತು. ಬೋಧನಾಭ್ಯಾಸಕ್ಕೆ ಶಾಲೆಗಳಿಗೆ ಹೋದ ಮೇಲೆ ಮಾತ್ರ ಇದು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು ಎಂದು ತಿಳಿಯಿತು. ತರಗತಿಯಲ್ಲಿ ಎಷ್ಟು ಕೇಳುತ್ತದೆಯೋ ಸ್ಟಾಫ್ ರೂಮಿನಲ್ಲೂ ಅಷ್ಟೇ ಕೇಳುತ್ತದೆ.

ಮೊದಲ ಹಂತದಲ್ಲಿ ಶಿಕಾರಿಪುರ ತಾಲ್ಲೂಕಿನ ಒಂದು ಪ್ರೌಢಶಾಲೆ, ಎರಡನೇ ಹಂತದಲ್ಲಿ ಸೊರಬ ತಾಲ್ಲೂಕಿನ ಇನ್ನೊಂದು. ಎರಡರಲ್ಲೂ ಎಂಟು ಮತ್ತು ಒಂಬತ್ತನೇ ತರಗತಿಗಳಿಗೆ ವಿಜ್ಞಾನ ಮತ್ತು ಗಣಿತ. ಈ ಬರಹದಲ್ಲಿ ಪಾಠ ಯೋಜನೆಯ ಹಂತಗಳನ್ನು ವಿವರಿಸುವುದಿಲ್ಲ. ಆ ಅವಧಿಯಲ್ಲಿ ನಾನು ಕೇಳಿದ ಸಮರ್ಥನೆಗಳು, ಅವು ಯಾವುದನ್ನು ಕಾಯುತ್ತವೆ, ಅವುಗಳ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಮೂರು ವಿಷಯಗಳನ್ನಷ್ಟೇ ನೋಡುತ್ತೇನೆ.

ಓದಲಿಲ್ಲ ಎಂಬ ಉತ್ತರ

ಒಂಬತ್ತನೇ ತರಗತಿಗೆ ಚಲನೆಯ ಪಾಠ ಮುಗಿದ ಮೇಲೆ ಘಟಕ ಪರೀಕ್ಷೆ ಮಾಡಿ ಉತ್ತರ ಪತ್ರಿಕೆ ಹಿಂದಿರುಗಿಸಿದ ದಿನ, ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು ಒಂದೇ ಪ್ರಶ್ನೆ ಕೇಳಿದೆ: ನಿನಗೆ ಈ ಅಂಕ ಬರಲು ಕಾರಣವೇನು? ಹೆಸರು ಬರೆಯಬೇಕಿಲ್ಲ ಎಂದೂ ಹೇಳಿದ್ದೆ. ಚೆನ್ನಾಗಿ ಅಂಕ ಬಂದವರ ಚೀಟಿಗಳು ಹೆಚ್ಚುಕಡಿಮೆ ಒಂದೇ ತರಹ ಇದ್ದವು. ಚೆನ್ನಾಗಿ ಓದಿದ್ದೆ, ಗಮನ ಕೊಟ್ಟು ಕೇಳಿದ್ದೆ. ಕಡಿಮೆ ಬಂದವರ ಚೀಟಿಗಳಲ್ಲಿ ಮಾತ್ರ ಊರಿಗೊಂದು ದಾರಿ. ಪ್ರಶ್ನೆ ಕಷ್ಟ ಇತ್ತು, ಕರೆಂಟ್ ಇರಲಿಲ್ಲ, ತಲೆನೋವು, ಮನೆಯಲ್ಲಿ ನೆಂಟರು, ಪೆನ್ನು ಕೈಕೊಟ್ಟಿತು. ಗೆದ್ದರೆ ಕಾರಣ ಒಳಗೆ, ಸೋತರೆ ಕಾರಣ ಹೊರಗೆ. ಮನೋವಿಜ್ಞಾನದಲ್ಲಿ ಇದಕ್ಕೆ ಸ್ವಪಕ್ಷಪಾತ ಎನ್ನುತ್ತಾರೆ. ಇಷ್ಟನ್ನು ನಾನು ನಿರೀಕ್ಷಿಸಿದ್ದೆ.

ನಿರೀಕ್ಷಿಸದೇ ಇದ್ದದ್ದು ಇನ್ನೊಂದು. ಕಡಿಮೆ ಅಂಕದವರಲ್ಲಿ ಬಹಳ ಮಂದಿ ಹೊರಗಿನ ಯಾವ ಕಾರಣವನ್ನೂ ಹೇಳದೆ 'ಓದಲಿಲ್ಲ' ಎಂದು ಒಂದೇ ಪದ ಬರೆದಿದ್ದರು. ಮೊದಲ ನೋಟಕ್ಕೆ ಇದು ತಪ್ಪೊಪ್ಪಿಗೆ. ನೆಪವಿಲ್ಲ, ಯಾರ ಮೇಲೂ ದೂರಿಲ್ಲ. ಮಾರ್ಗದರ್ಶಕ ಶಿಕ್ಷಕರಿಗೆ ಚೀಟಿಗಳನ್ನು ತೋರಿಸಿದಾಗ ಅವರು ನಕ್ಕು, "ಇದೇ ನೋಡಿ ದೊಡ್ಡ ಗುರಾಣಿ" ಎಂದರು. ಆ ಮಾತು ಅರ್ಥವಾಗಲು ನನಗೆ ಎರಡು ವಾರ ಬೇಕಾಯಿತು.

ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಮನೆಯಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ. ಇಷ್ಟು ಕ್ವಿಂಟಾಲಿಗೆ ಇಷ್ಟು ದರವಾದರೆ, ಹಮಾಲಿ ಕಳೆದು ಕೈಗೆ ಎಷ್ಟು ಬರುತ್ತದೆ ಎಂದು ಅವನನ್ನು ಕೇಳಿದರೆ ಕಾಗದ ಪೆನ್ನು ಬೇಡ, ನಿಂತಲ್ಲೇ ಹೇಳುತ್ತಿದ್ದ. ಆದರೆ ಪರೀಕ್ಷೆ ಎಂದು ಗೊತ್ತಾದ ದಿನದಿಂದ ಪುಸ್ತಕ ಮುಟ್ಟುತ್ತಿರಲಿಲ್ಲ. ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿಕೊಳ್ಳುತ್ತಲೂ ಇದ್ದ. "ನಾನಂತೂ ಒಂದಕ್ಷರ ಓದಿಲ್ಲ ಕಣ್ರೋ." ಅಂಕ ಬಂದ ಮೇಲೆ ನನ್ನ ಹತ್ತಿರ ಹೇಳಿದ್ದು: "ಓದಿದ್ರೆ ಬರ್ತಿತ್ತು ಮೇಡಂ, ಓದ್ಲಿಲ್ಲ ಅಷ್ಟೇ."

ಈ ವರ್ತನೆಗೆ 1978ರಲ್ಲಿ ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ ಎಂಬ ಮನೋವಿಜ್ಞಾನಿಗಳು ಒಂದು ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ ತನ್ನ ಕಾಲಿಗೆ ತಾನೇ ಅಡ್ಡಿ ಕಟ್ಟಿಕೊಳ್ಳುವುದು ಎನ್ನಬಹುದು. ಸೋಲುವ ಭಯ ಇರುವವನು ಸೋಲುವ ಮೊದಲೇ ಸೋಲಿಗೊಂದು ಕಾರಣ ಸಿದ್ಧಮಾಡಿ ಇಟ್ಟುಕೊಳ್ಳುತ್ತಾನೆ. ಓದದೆ ನಪಾಸಾದರೆ ಅದು ಓದದ್ದರ ಸೋಲು, ಬುದ್ಧಿಯ ಸೋಲಲ್ಲ. ಓದಿಯೂ ನಪಾಸಾದರೆ ಮುಚ್ಚಿಕೊಳ್ಳಲು ಏನೂ ಉಳಿಯುವುದಿಲ್ಲ. ಆಕಸ್ಮಾತ್ ಓದದೆ ಪಾಸಾದರೆ ಇನ್ನೂ ಒಳ್ಳೆಯದು, ಎಷ್ಟು ಬುದ್ಧಿವಂತ ಎನ್ನಿಸಿಕೊಳ್ಳಬಹುದು. ಹುಡುಗನ ಲೆಕ್ಕ ಸರಿಯಾಗಿಯೇ ಇದೆ. ನಮ್ಮ ತರಗತಿಗಳಲ್ಲಿ ಸೋಮಾರಿ ಎಂಬ ಹೆಸರು ಒಂದು ವಾರ ಕಷ್ಟಪಟ್ಟರೆ ಹೋಗುತ್ತದೆ, ದಡ್ಡ ಎಂಬ ಹೆಸರು ಹತ್ತನೇ ತರಗತಿಯವರೆಗೂ ಬೆನ್ನು ಬಿಡುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದರೆ ಯಾರಾದರೂ ಸೋಮಾರಿತನವನ್ನೇ ಆರಿಸಿಕೊಳ್ಳುತ್ತಾರೆ. ಅಂದರೆ ಈ ನೆಪವನ್ನು ಹುಡುಗನೊಬ್ಬನೇ ಹುಟ್ಟಿಸಿದ್ದಲ್ಲ. ಯಾವ ಹೆಸರಿಗೆ ಎಷ್ಟು ಅವಮಾನ ಎಂದು ದರ ಕಟ್ಟಿದ್ದು ತರಗತಿ.

ಅದೇ ತರಗತಿಯ ಹುಡುಗಿಯೊಬ್ಬಳದು ಇದಕ್ಕೆ ವಿರುದ್ಧದ ದಾರಿ. "ನಂಗೆ ಗಣಿತ ಬರಲ್ಲ ಮೇಡಂ. ನಮ್ಮನೇಲಿ ಯಾರಿಗೂ ಬರಲ್ಲ." ಇಲ್ಲಿ ಹೊರಗಿನ ಯಾವುದರ ಮೇಲೂ ದೂರಿಲ್ಲ. ಮೊದಲೇ ಕೈಚೆಲ್ಲಿ ಕುಳಿತಿದ್ದಾಳೆ. ಆದರೆ ಕೈಚೆಲ್ಲುವುದೂ ಒಂದು ರಕ್ಷಣೆಯೇ. ಬರುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರೆ ಬೋರ್ಡಿನ ಹತ್ತಿರ ಕರೆಯುವುದಿಲ್ಲ, ನಾಲ್ಕು ಜನರ ಮುಂದೆ ತಡಬಡಾಯಿಸಬೇಕಿಲ್ಲ. ಬರ್ನಾರ್ಡ್ ವೈನರ್ ಅವರ ಕಾರಣಾರೋಪ ಸಿದ್ಧಾಂತದಲ್ಲಿ ನಾವು ಓದುವ ಮೂರು ಪ್ರಶ್ನೆಗಳನ್ನು ಇಲ್ಲಿ ಕೇಳಿ ನೋಡಬಹುದು. ಕಾರಣ ಒಳಗಿನದೋ ಹೊರಗಿನದೋ? ಬದಲಾಗುವುದೋ ಬದಲಾಗದ್ದೋ? ನಮ್ಮ ಕೈಯಲ್ಲಿದೆಯೋ ಇಲ್ಲವೋ? ಹುಡುಗನ 'ಓದಲಿಲ್ಲ' ಒಳಗಿನದು, ಬದಲಾಗುವಂಥದ್ದು, ಕೈಯಲ್ಲಿರುವಂಥದ್ದು. ಕನಿಷ್ಠ ಅವನು ಬಾಗಿಲು ತೆರೆದಿಟ್ಟಿದ್ದಾನೆ. ಹುಡುಗಿಯ 'ಬರಲ್ಲ' ಒಳಗಿನದು, ಬದಲಾಗದ್ದು, ಕೈಯಲ್ಲಿಲ್ಲದ್ದು. ಕೇಳಲು ವಿನಯದಂತಿದ್ದರೂ ಎರಡರಲ್ಲಿ ಹೆಚ್ಚು ಅಪಾಯದ್ದು ಇದೇ.

ಸಿದ್ಧಾಂತದ ಹಿಂದೆ ಒಂದು ಭೂಕಂಪ

ನಾವು ಮಾಡಿದ್ದಕ್ಕೆ ನಾವೇ ಆಮೇಲೆ ಚೆಂದದ ಕಾರಣ ಕಟ್ಟುತ್ತೇವೆ ಎಂಬುದನ್ನು ವಿವರಿಸಲು ಅರ್ನೆಸ್ಟ್ ಜೋನ್ಸ್ 1908ರಲ್ಲಿ ಒಂದು ಪಾರಿಭಾಷಿಕ ಪದ ತಂದರು. ಅದನ್ನೇ ನಮ್ಮ ಪಠ್ಯಗಳು ಸಮರ್ಥನೆ ಅಥವಾ ಯುಕ್ತೀಕರಣ ಎನ್ನುತ್ತವೆ. 1936ರಲ್ಲಿ ಅನ್ನಾ ಫ್ರಾಯ್ಡ್ ರಕ್ಷಣಾ ತಂತ್ರಗಳನ್ನು ಒಟ್ಟಾಗಿ ಪುಸ್ತಕವಾಗಿ ವಿವರಿಸಿದರು. 1957ರಲ್ಲಿ ಲಿಯೊನ್ ಫೆಸ್ಟಿಂಜರ್ ಅರಿವಿನ ಅಸಾಂಗತ್ಯ ಸಿದ್ಧಾಂತವನ್ನು ಪ್ರಕಟಿಸಿದರು. ನಾವು ನಂಬಿದ್ದಕ್ಕೂ ಮಾಡಿದ್ದಕ್ಕೂ ತಾಳೆಯಾಗದಿದ್ದರೆ ಮನಸ್ಸಿಗೆ ಕಸಿವಿಸಿ. ಮಾಡಿದ್ದನ್ನು ಅಳಿಸಲಾಗದು, ಆದ್ದರಿಂದ ನಂಬಿಕೆಯನ್ನೇ ಸ್ವಲ್ಪ ಬಗ್ಗಿಸುತ್ತೇವೆ. 1959ರಲ್ಲಿ ಫೆಸ್ಟಿಂಜರ್ ಮತ್ತು ಕಾರ್ಲ್‌ಸ್ಮಿತ್ ನಡೆಸಿದ ಪ್ರಯೋಗ ನಮಗೆಲ್ಲ ಗೊತ್ತಿರುವಂಥದ್ದು. ಬೇಸರದ ಕೆಲಸವೊಂದನ್ನು ಮಾಡಿದ ವಿದ್ಯಾರ್ಥಿಗಳು, ಕೆಲಸ ಸೊಗಸಾಗಿತ್ತು ಎಂದು ಮುಂದಿನವರಿಗೆ ಹೇಳಬೇಕು. ಹಾಗೆ ಹೇಳಲು ಕೆಲವರಿಗೆ 1 ಡಾಲರ್, ಕೆಲವರಿಗೆ 20 ಡಾಲರ್. ಕೊನೆಗೆ ಕೇಳಿದಾಗ, ಕೆಲಸ ನಿಜಕ್ಕೂ ಚೆನ್ನಾಗಿತ್ತು ಎಂದು ಹೆಚ್ಚಾಗಿ ಹೇಳಿದವರು 1 ಡಾಲರ್ ಪಡೆದವರು. 20 ಡಾಲರ್ ಪಡೆದವನಿಗೆ ದುಡ್ಡಿಗಾಗಿ ಸುಳ್ಳು ಹೇಳಿದೆ ಎಂಬ ಕಾರಣ ಸಾಕು. 1 ಡಾಲರಿಗೆ ಸುಳ್ಳು ಹೇಳಿದವನು ತನ್ನ ಮರ್ಯಾದೆ ಉಳಿಯಬೇಕಾದರೆ ಅದು ಸುಳ್ಳೇ ಅಲ್ಲ ಎಂದು ನಂಬಬೇಕು.

ಪಠ್ಯಗಳಲ್ಲಿ ಅಪರೂಪಕ್ಕೆ ಬರುವ ಸಂಗತಿಯೆಂದರೆ ಈ ಸಿದ್ಧಾಂತದ ಬೇರು ನಮ್ಮ ದೇಶದಲ್ಲಿದೆ. 1934ರ ಜನವರಿಯಲ್ಲಿ ಬಿಹಾರ-ನೇಪಾಳ ಭೂಕಂಪವಾದಾಗ ಹರಡಿದ ಗಾಳಿಸುದ್ದಿಗಳನ್ನು ಜಮುನಾ ಪ್ರಸಾದ್ ಎಂಬ ಭಾರತೀಯ ಮನೋವಿಜ್ಞಾನಿ ಸಂಗ್ರಹಿಸಿ ಅಧ್ಯಯನ ಮಾಡಿದ್ದರು. ನೆಲ ನಡುಗಿದರೂ ಹಾನಿಯಾಗದ ಕಡೆ ಇನ್ನೂ ದೊಡ್ಡ ವಿಪತ್ತು ಬರಲಿದೆ ಎಂಬ ಸುದ್ದಿಗಳೇ ಹರಡಿದ್ದವು. ಹೆದರಿದವರು ತಮ್ಮನ್ನು ಇನ್ನಷ್ಟು ಹೆದರಿಸುವ ಸುದ್ದಿಯನ್ನು ಯಾಕೆ ನಂಬಿದರು? ಇದನ್ನು ಓದಿದ ಫೆಸ್ಟಿಂಜರ್‌ಗೆ ಹೊಳೆದದ್ದು ಹೀಗೆ: ಆ ಸುದ್ದಿಗಳು ಹೆದರಿಸಲು ಹುಟ್ಟಿದವಲ್ಲ, ಆಗಲೇ ಆಗಿದ್ದ ಹೆದರಿಕೆಗೆ ಕಾರಣ ಒದಗಿಸಲು ಹುಟ್ಟಿದವು. ಸುತ್ತ ಎಲ್ಲವೂ ನೆಟ್ಟಗೆ ನಿಂತಿರುವಾಗ ಎದೆ ಮಾತ್ರ ಹೊಡೆದುಕೊಳ್ಳುತ್ತಿದ್ದರೆ, ಹೊಡೆದುಕೊಳ್ಳುವುದಕ್ಕೊಂದು ಅರ್ಥ ಬೇಕಲ್ಲ. ಸಮರ್ಥನೆ ಎಂದರೆ ಜಾಣ ಸುಳ್ಳು ಎಂದು ಭಾವಿಸಿದ್ದ ನನಗೆ ಈ ಪ್ರಸಂಗ ಬಹಳ ಉಪಯೋಗಕ್ಕೆ ಬಂತು. ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತದೆ. ಸಮರ್ಥಿಸಿಕೊಳ್ಳುವವನು ತನ್ನ ಮಾತನ್ನು ತಾನೇ ನಂಬಿರುತ್ತಾನೆ. ಆದ್ದರಿಂದ ಮಗುವನ್ನು ಸುಳ್ಳು ಹೇಳಬೇಡ ಎಂದು ಗದರಿದರೆ ಅದಕ್ಕೆ ನಿಜವಾಗಿಯೂ ಅನ್ಯಾಯವಾದಂತೆ ಅನ್ನಿಸುತ್ತದೆ.

ಸೊರಬದ ತರಗತಿಯಲ್ಲಿ ಮಂಗನ ಕಾಯಿಲೆ

ಫೆಸ್ಟಿಂಜರ್ ಪುಸ್ತಕ ಬಂದ ಅದೇ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದ್ದವು, ಸುತ್ತಲಿನ ಜನರಿಗೆ ಜ್ವರ ಬಂದಿತ್ತು. ಆಗ ಪತ್ತೆಯಾದ ವೈರಾಣುವಿಗೆ, ಕಾಯಿಲೆಗೆ ಇಂದಿಗೂ ಕ್ಯಾಸನೂರಿನ ಹೆಸರೇ. ನಮಗೆ ಮಂಗನ ಕಾಯಿಲೆ. ಹರಡುವುದು ಕಾಡಿನ ಉಣುಗಿನಿಂದ. ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಎಲ್ಲಿ ಸಿಗುತ್ತದೆ? ಮಕ್ಕಳಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಬೇಸಿಗೆಗೆ ಮೊದಲು ಶುರುವಾಗುತ್ತದೆ, ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ತಿಳಿಸಬೇಕು, ಕಾಡಿಗೆ ಹೋಗುವಾಗ ಮೈಗೆ ಎಣ್ಣೆ ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು. ಎಲ್ಲವನ್ನೂ ಹೇಳಿದರು.

ಹಾಗಾದರೆ ಎಲ್ಲರೂ ಹಾಗೆ ಮಾಡುತ್ತೀರಾ ಎಂದು ಕೇಳಿದೆ. ಆಗ ಬಂದ ಉತ್ತರಗಳು ಅರಿವಿನ ಅಸಾಂಗತ್ಯದ ಪಾಠವೇ ಆದವು. "ನಮ್ಮ ಅಜ್ಜ ದಿನಾ ಕಾಡಿಗೆ ಹೋಗ್ತಾರೆ, ಅವ್ರಿಗೇನೂ ಆಗಿಲ್ಲ." "ನಮ್ಮ ಕಡೆ ಕಾಡಲ್ಲಿ ಇಲ್ಲ ಮೇಡಂ, ಆ ಕಡೆ ಇರೋದು." "ಉಣುಗು ಕಚ್ಚಿ ಕಚ್ಚಿ ನಮಗೆ ಅಭ್ಯಾಸ ಆಗಿದೆ." ಗೊತ್ತಿರುವುದೊಂದು, ಮಾಡುವುದೊಂದು. ನಡುವಿನ ಕಂದರಕ್ಕೆ ಇವೆಲ್ಲ ಸೇತುವೆಗಳು. ಜಾಗೃತಿ ಇಲ್ಲದ್ದರಿಂದ ಹೀಗೆ ಎಂದು ನಾವು ಪಾಠ ಯೋಜನೆಯಲ್ಲಿ ಸುಲಭವಾಗಿ ಬರೆಯುತ್ತೇವೆ. ಇಲ್ಲಿ ಜಾಗೃತಿಗೆ ಕೊರತೆ ಇರಲಿಲ್ಲ.

ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ತರಗೆಲೆ ತರದಿದ್ರೆ ಕೊಟ್ಟಿಗೆಗೆ ಏನು ಹಾಕೋದು ಮೇಡಂ?" ಈ ಒಂದು ಪ್ರಶ್ನೆ ಅದುವರೆಗಿನ ಉತ್ತರಗಳನ್ನೆಲ್ಲ ಬೇರೆ ಸಾಲಿಗೆ ಸರಿಸಿತು. ಅಜ್ಜನಿಗೇನೂ ಆಗಿಲ್ಲ ಎಂಬುದು ಸಮರ್ಥನೆ. ಕೊಟ್ಟಿಗೆಗೆ ಸೊಪ್ಪು ತರಗೆಲೆ ಬೇಕು, ಗೊಬ್ಬರ ಬೇಕು ಎಂಬುದು ಕಾರಣ. ಕಾಡಿಗೆ ಹೋಗಲೇಬೇಕಾದವರಿಗೆ ದಿನವೂ ಹೆದರಿಕೊಂಡು ಹೋಗಲು ಆಗುವುದಿಲ್ಲ. ಆದ್ದರಿಂದ ಕಾರಣದ ಮೇಲೆ ಸಮರ್ಥನೆಯ ಹೊದಿಕೆ ಬೀಳುತ್ತದೆ. ಹೊದಿಕೆಯನ್ನು ನೋಡಿ ನಕ್ಕರೆ ಒಳಗಿರುವ ಅನಿವಾರ್ಯ ನಮಗೆ ಕಾಣುವುದೇ ಇಲ್ಲ. ಪಾಠದ ಉಳಿದ ಸಮಯವನ್ನು ಹೋಗಬೇಕೋ ಬೇಡವೋ ಎಂಬ ವಾದಕ್ಕೆ ಕೊಡದೆ, ಹೋಗುವವರು ಏನೇನು ಮಾಡಬಹುದು ಎಂಬುದಕ್ಕೆ ಕೊಟ್ಟೆವು. ಅಜ್ಜನ ಮೊಮ್ಮಗನೇ ಅಜ್ಜನಿಗೆ ಎಣ್ಣೆ ಹಚ್ಚಿ ಕಳಿಸುವುದಾಗಿ ಹೇಳಿದ. ಹೋಗುವುದೇ ತಪ್ಪು ಎಂಬ ಮಾತು ನಿಂತ ಕೂಡಲೇ ಅಜ್ಜನನ್ನು ಸಮರ್ಥಿಸುವ ಅಗತ್ಯವೂ ಅವನಿಗೆ ಉಳಿಯಲಿಲ್ಲ.

ನೆಪವೋ ಕಾರಣವೋ

ಈ ಎರಡನ್ನು ಬೇರ್ಪಡಿಸುವುದೇ ಶಿಕ್ಷಕರಿಗೆ ಅತ್ಯಂತ ಕಷ್ಟದ ಕೆಲಸ ಎಂದು ನನಗೆ ತೋರಿದೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಒಬ್ಬ ವಿದ್ಯಾರ್ಥಿ ಮೊದಲ ಅವಧಿಯಲ್ಲೇ ತೂಕಡಿಸುತ್ತಿದ್ದ. ಕೇಳಿದರೆ, ಅಡಿಕೆ ಸುಲಿದಿದ್ದು ತಡವಾಯಿತು ಎನ್ನುತ್ತಿದ್ದ. ಇದು ಪ್ರತಿವರ್ಷದ ನೆಪ ಎಂದು ಒಬ್ಬರು, ಮೊಬೈಲ್ ನೋಡಿರುತ್ತಾನೆ ಎಂದು ಇನ್ನೊಬ್ಬರು. ಮಾರ್ಗದರ್ಶಕ ಶಿಕ್ಷಕರು ಮಾತ್ರ ಅವನ ಬೆರಳು ನೋಡಿ ಎಂದರು. ಹಸಿ ಅಡಿಕೆಯ ಕಲೆ ಬೆರಳ ತುದಿಗಳಲ್ಲಿ ಕಪ್ಪಾಗಿ ಕೂತಿತ್ತು. ಮೆಟ್ಟುಗತ್ತಿಯ ಮುಂದೆ ಕೂತು ಮನೆಯವರೊಡನೆ ರಾತ್ರಿ ಸುಲಿದವನ ಕೈ ಅದು. ಹೊರಗಿನ ಕಾರಣ ಹೇಳಿದ ಮಾತ್ರಕ್ಕೆ ಅದು ನೆಪವಾಗುವುದಿಲ್ಲ. ಇನ್ನೊಬ್ಬರ ನಡೆಗೆ ಅವರ ಸ್ವಭಾವವೇ ಕಾರಣ, ನಮ್ಮ ನಡೆಗೆ ಮಾತ್ರ ಪರಿಸ್ಥಿತಿ ಕಾರಣ ಎಂದು ನೋಡುವ ದೋಷದ ಬಗ್ಗೆ ನಾವೇ ಪರೀಕ್ಷೆಯಲ್ಲಿ ಬರೆಯುತ್ತೇವೆ. ತಡವಾಗಿ ಬಂದ ಮಗು ಅಶಿಸ್ತಿನದು, ತಡವಾಗಿ ಬಂದ ನಮಗೆ ಬಸ್ಸು ಸಿಗಲಿಲ್ಲ.

ನೆಪವನ್ನೂ ಕಾರಣವನ್ನೂ ಗುರುತಿಸಲು ನಾನು ಮೂರು ಪ್ರಶ್ನೆಗಳನ್ನು ಇಟ್ಟುಕೊಂಡೆ. ಮೊದಲನೆಯದು, ಇದನ್ನು ನೋಡಿ ತಿಳಿಯಬಹುದೇ? ಬೆರಳ ಕಲೆ ಕಾಣುತ್ತದೆ, ತಲೆನೋವು ಕಾಣುವುದಿಲ್ಲ. ಎರಡನೆಯದು, ಅದು ಗೆಲುವಿಗೂ ಅನ್ವಯಿಸುತ್ತದೆಯೇ? ಪ್ರಶ್ನೆಪತ್ರಿಕೆ ಕಷ್ಟವಿದ್ದದ್ದರಿಂದ ಸೋತೆ ಎನ್ನುವವನು ಸುಲಭವಿದ್ದಾಗ ಪ್ರಶ್ನೆಪತ್ರಿಕೆಯಿಂದ ಗೆದ್ದೆ ಎನ್ನುತ್ತಾನೆಯೇ? ಮೂರನೆಯದು ಮುಖ್ಯವಾದದ್ದು, ಈ ಮಾತಿನ ನಂತರ ಏನು ಮಾಡಬಹುದು ಎಂಬ ದಾರಿ ಕಾಣುತ್ತದೆಯೇ? ಅಡಿಕೆ ಸುಲಿದೆ ಎಂದರೆ ಆ ವಾರಗಳಲ್ಲಿ ಮನೆಗೆಲಸ ಕೊಡದೆ ತರಗತಿಯಲ್ಲೇ ಅಭ್ಯಾಸ ಮಾಡಿಸಬಹುದು. ಆ ಶಾಲೆಯಲ್ಲಿ ಹಾಗೆಯೇ ಮಾಡಿದರು. ಕಾರಣದ ಮುಂದೆ ಇನ್ನೊಂದು ಹೆಜ್ಜೆ ಇರುತ್ತದೆ, ನೆಪದ ಮುಂದೆ ಮಾತು ನಿಂತುಹೋಗುತ್ತದೆ.

ತಾಳಗುಂದದ ಕಂಬ

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬದ ಕಡೆ ಹೋಗುವವರು ಬಳ್ಳಿಗಾವಿಯನ್ನು ನೋಡದೆ ಬರುವುದಿಲ್ಲ. ಸಮೀಪದಲ್ಲೇ ಇರುವ ತಾಳಗುಂದಕ್ಕೆ ಮಾತ್ರ ಅಷ್ಟು ಜನ ಹೋಗುವುದಿಲ್ಲ. ಅಲ್ಲಿನ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದಲ್ಲಿ ಐದನೇ ಶತಮಾನದ ಸಂಸ್ಕೃತ ಶಾಸನವಿದೆ. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ರಚಿಸಿದ್ದು. ಕದಂಬ ರಾಜ್ಯದ ಹುಟ್ಟನ್ನು ಅದು ಹೇಳುತ್ತದೆ. ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಹೆಚ್ಚಿನ ಓದಿಗಾಗಿ ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆಯಾಳಿನೊಂದಿಗೆ ಜಗಳವಾಯಿತು. ಬ್ರಾಹ್ಮಣ ಕ್ಷತ್ರಿಯನ ಮುಂದೆ ಇಷ್ಟು ದುರ್ಬಲನೇ ಎಂದು ನೊಂದು, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಖಡ್ಗ ಹಿಡಿದ. ಇದು ಅದರ ಸಾರಾಂಶ.

ನಮ್ಮ ಗುಂಪು ಒಂದು ಭಾನುವಾರ ಅಲ್ಲಿಗೆ ಹೋದಾಗ ಸಮಾಜ ವಿಜ್ಞಾನ ವಿಧಾನದ ಸಹಪಾಠಿ ಇದನ್ನು ವಿವರಿಸಿದರು. ನನಗೆ ಎದ್ದು ಕಂಡದ್ದು ಶಾಸನ ಆರಿಸಿಕೊಂಡ ಕಾರಣ. ಓದಲು ಹೋದವನು ರಾಜ್ಯ ಕಟ್ಟಿದ. ಒಂದು ವೃತ್ತಿಯಿಂದ ಇನ್ನೊಂದಕ್ಕೆ, ಒಂದು ವರ್ಣದ ಧರ್ಮದಿಂದ ಇನ್ನೊಂದಕ್ಕೆ ದಾಟಿದ. ಆ ಕಾಲಕ್ಕೆ ಇದು ಉತ್ತರ ಕೊಡಬೇಕಾದ ವಿಷಯ. ಅಧಿಕಾರದ ಆಸೆಯಿಂದ ಎಂದು ಶಾಸನ ಹೇಳುವುದಿಲ್ಲ, ಅವಮಾನದಿಂದ ಎನ್ನುತ್ತದೆ. ಘಟನೆ ನಡೆದು ಸುಮಾರು ಒಂದು ಶತಮಾನದ ಮೇಲೆ, ಅವನ ವಂಶದವರ ಆಸ್ಥಾನದಲ್ಲಿ ಇದು ಬರಹಕ್ಕೆ ಬಂತು. ಜಗಳ ನಡೆದಿಲ್ಲ ಎಂದು ನಾನು ಹೇಳುತ್ತಿಲ್ಲ. ಹಲವು ಕಾರಣಗಳಲ್ಲಿ ಯಾವುದು ಕಲ್ಲಿನ ಮೇಲೆ ಉಳಿಯಿತು ಎಂಬುದನ್ನು ನೋಡಿ ಎನ್ನುತ್ತಿದ್ದೇನೆ. ಗೌರವ ಉಳಿಸುವ ಕಾರಣವೇ ಉಳಿಯುತ್ತದೆ. ಒಬ್ಬ ಹುಡುಗ ಚೀಟಿಯಲ್ಲಿ ಮಾಡುವುದನ್ನೇ ಮನೆತನ, ಊರು, ರಾಜ್ಯಗಳು ದೊಡ್ಡದಾಗಿ ಮಾಡುತ್ತವೆ. ಶಾಲೆಗಳೂ ಮಾಡುತ್ತವೆ.

ನಮ್ಮ ಕಡೆಯ ಸಮರ್ಥನೆಗಳು

2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೇ ವರ್ಷ ನಮ್ಮ ಶಿವಮೊಗ್ಗ ಜಿಲ್ಲೆ ಶೇ. 88.67 ಪಡೆದು ರಾಜ್ಯದಲ್ಲಿ ಮೂರನೇ ಸ್ಥಾನದಲ್ಲಿತ್ತು. ಈ ಎರಡು ಸುದ್ದಿಗಳನ್ನು ಶಿಕ್ಷಕರ ಬಾಯಲ್ಲಿ ನಾನು ಹಲವು ಸಲ ಕೇಳಿದ್ದೇನೆ. ಜಿಲ್ಲೆ ಮೂರನೇ ಸ್ಥಾನಕ್ಕೆ ಬಂದದ್ದು ವಿಶೇಷ ತರಗತಿಗಳಿಂದ, ಪರಿಶ್ರಮದಿಂದ. ರಾಜ್ಯದ ಫಲಿತಾಂಶ ಕುಸಿದದ್ದು ಕೊರೊನಾ ಕಾಲದ ಕಲಿಕಾ ಕೊರತೆಯಿಂದ, ಮೊಬೈಲಿನಿಂದ, ಮನೆಯ ವಾತಾವರಣದಿಂದ. ಒಂದೊಂದರಲ್ಲೂ ನಿಜದ ಅಂಶ ಇದ್ದೇ ಇದೆ. ಆದರೆ ಸಾಲು ಜೋಡಿಸಿ ನೋಡಿದರೆ ನನ್ನ ಒಂಬತ್ತನೇ ತರಗತಿಯ ಚೀಟಿಗಳ ಸಾಲೇ ಕಾಣುತ್ತದೆ. ಗೆಲುವಿನ ಕಾರಣ ಒಳಗೆ, ಸೋಲಿನ ಕಾರಣ ಹೊರಗೆ.

ಮಗುವಿನ ಸಮರ್ಥನೆಗೂ ಶಿಕ್ಷಕರ ಸಮರ್ಥನೆಗೂ ಒಂದು ವ್ಯತ್ಯಾಸವಿದೆ. ಮಗು ತನ್ನ ನೆಪದ ಬೆಲೆಯನ್ನು ತಾನೇ ತೆರುತ್ತದೆ. ಶಿಕ್ಷಕರ ನೆಪದ ಬೆಲೆಯನ್ನು ಎದುರಿಗೆ ಕುಳಿತ ನಲವತ್ತು ಮಕ್ಕಳು ತೆರುತ್ತಾರೆ. 'ಈ ಬ್ಯಾಚಿನ ಮಟ್ಟವೇ ಇಷ್ಟು' ಎಂದು ಒಮ್ಮೆ ನಂಬಿದ ಮೇಲೆ ಪಾಠದ ವೇಗ, ಕೇಳುವ ಪ್ರಶ್ನೆ, ಯಾರ ಕಡೆ ತಿರುಗಿ ಕೇಳುತ್ತೇವೆ ಎಂಬುದು ಕೂಡ ಆ ಮಾತಿಗೆ ತಕ್ಕಂತೆ ಬದಲಾಗುತ್ತದೆ. ಕೊನೆಗೆ ಮಟ್ಟ ಇಷ್ಟೇ ಎಂಬುದು ನಿಜವೂ ಆಗುತ್ತದೆ.

ಪ್ರಶಿಕ್ಷಣಾರ್ಥಿಗಳಾದ ನಾವು ಇದನ್ನು ಬಹಳ ಬೇಗ ಕಲಿಯುತ್ತೇವೆ. ಪಾಠದ ನಂತರದ ಪ್ರತಿಫಲನ ದಿನಚರಿಗಳನ್ನು ನಮ್ಮ ಗುಂಪಿನಲ್ಲಿ ಪರಸ್ಪರ ಓದಿಕೊಂಡಾಗ ಕೆಲವು ವಾಕ್ಯಗಳು ಮತ್ತೆ ಮತ್ತೆ ಬಂದವು. ವಿದ್ಯಾರ್ಥಿಗಳು ನಿರೀಕ್ಷಿತ ಸಹಕಾರ ನೀಡಲಿಲ್ಲ. ಸಮಯದ ಅಭಾವದಿಂದ ಮೌಲ್ಯಮಾಪನ ಹಂತ ಪೂರ್ಣಗೊಳ್ಳಲಿಲ್ಲ. ವಿದ್ಯುತ್ ಇಲ್ಲದ್ದರಿಂದ ಕಲಿಕೋಪಕರಣ ಬಳಸಲಾಗಲಿಲ್ಲ. ಇವುಗಳಲ್ಲಿ ಸುಳ್ಳಿಲ್ಲ. ಆದರೆ ವಾಕ್ಯಗಳ ಕರ್ತೃ ಯಾರೆಂದು ನೋಡಿ: ವಿದ್ಯಾರ್ಥಿಗಳು, ಸಮಯ, ವಿದ್ಯುತ್. ನಾನು ಎಂಬ ಪದ ಕೆಟ್ಟ ಪಾಠದ ದಿನಚರಿಯಲ್ಲಿ ಕಾಣುವುದಿಲ್ಲ, ಒಳ್ಳೆಯ ಪಾಠದ ದಿನಚರಿಯಲ್ಲಿ ಪ್ರತಿ ಸಾಲಿನಲ್ಲೂ ಬರುತ್ತದೆ.

ಇದಕ್ಕೆ ನಮ್ಮನ್ನಷ್ಟೇ ದೂರಿ ಪ್ರಯೋಜನವಿಲ್ಲ ಎಂದು ಅಧ್ಯಾಪಕರ ಗಮನಕ್ಕೆ ವಿನಯದಿಂದ ತರಬಯಸುತ್ತೇನೆ. ದಿನಚರಿಗೆ ಅಂಕವಿದೆ. ಬರೆಯುವುದನ್ನು ಓದುವವರೇ ಅಂಕ ಕೊಡುವವರು. ಅಂಕದ ಕೆಳಗೆ ಬರೆದ ಪ್ರತಿಫಲನ ಸಮರ್ಥನೆಯಾಗುವುದು ಸಹಜ, ಒಂಬತ್ತನೇ ತರಗತಿಯ ಹುಡುಗನಿಗೆ ಹೇಗೆ ಸಹಜವೋ ಹಾಗೆ. ದಿನಚರಿಯ ಒಂದು ಭಾಗವನ್ನಾದರೂ ಅಂಕದಿಂದ ಹೊರಗಿಟ್ಟು, ಸಹಪಾಠಿಗಳ ನಡುವಿನ ಚರ್ಚೆಗಷ್ಟೇ ಬಳಸಿದರೆ ಬರಹ ಬದಲಾಗುತ್ತದೆ ಎಂಬುದು ನನ್ನ ನಂಬಿಕೆ. ನಮ್ಮ ಗುಂಪು ಸೊರಬದಲ್ಲಿ ಹೀಗೊಂದು ಪ್ರತ್ಯೇಕ ನೋಟ್‌ಪುಸ್ತಕ ಇಟ್ಟಿತ್ತು. ಎರಡು ಕಾಲಂ: ಏನಾಯಿತು, ನಾಳೆ ನನ್ನ ಕೈಯಲ್ಲಿರುವುದು ಏನು. ಏಕೆ ಎಂಬ ಕಾಲಂ ಬೇಕೆಂದೇ ಇಡಲಿಲ್ಲ. ಅದು ಇಲ್ಲದಿದ್ದರೆ ವಿದ್ಯುತ್ ಇರಲಿಲ್ಲ ಎಂಬುದರ ಎದುರು ಚಾರ್ಟ್ ಬರೆದು ತರುವುದು ಎಂದೇ ಬರೆಯಬೇಕಾಗುತ್ತದೆ.

'ಯಾಕೆ' ಬದಲಿಗೆ 'ಎಲ್ಲಿ'

ಈ ಉಪಾಯ ನಮ್ಮದಲ್ಲ, ಸೊರಬದ ಶಾಲೆಯ ಗಣಿತ ಶಿಕ್ಷಕರಿಂದ ಕಲಿತದ್ದು. ಅವರು ಉತ್ತರ ಪತ್ರಿಕೆ ಹಿಂದಿರುಗಿಸುವಾಗ ಮೊದಲ ದಿನ ಅಂಕ ಬರೆದಿರುವುದಿಲ್ಲ. ಲೆಕ್ಕದ ಯಾವ ಹಂತದವರೆಗೆ ಸರಿ ಇದೆಯೋ ಅಲ್ಲಿಗೆ ಒಂದು ಗೆರೆ ಮಾತ್ರ ಎಳೆದಿರುತ್ತಾರೆ. ಮಗುವನ್ನು ಯಾಕೆ ತಪ್ಪಾಯಿತು ಎಂದು ಕೇಳುವುದಿಲ್ಲ. "ಎಲ್ಲೀ ತನಕ ಸರಿ ಬಂತು? ಆಮೇಲೆ ಎಲ್ಲಿ ದಾರಿ ತಪ್ತು?" ಎಂದು ಕೇಳುತ್ತಾರೆ. ಯಾಕೆ ಎಂದು ಕೇಳಿದರೆ ಮಗು ತನ್ನನ್ನು ಕಾಪಾಡಿಕೊಳ್ಳುವ ಉತ್ತರ ಹುಡುಕುತ್ತದೆ. ಎಲ್ಲಿ ಎಂದು ಕೇಳಿದರೆ ಲೆಕ್ಕವನ್ನು ನೋಡುತ್ತದೆ. ಗೆರೆಯ ಮೇಲಿನ ಭಾಗ ಎಷ್ಟೇ ಚಿಕ್ಕದಿರಲಿ, ಅದು ಮಗು ಸರಿಯಾಗಿ ಮಾಡಿದ್ದು. ಗೌರವ ಅಲ್ಲಿ ಉಳಿದಿದೆ, ಆದ್ದರಿಂದ ಗೆರೆಯ ಕೆಳಗಿನ ತಪ್ಪನ್ನು ನೋಡುವ ಧೈರ್ಯವೂ ಬರುತ್ತದೆ. ಮೂರನೇ ದಿನ ತಿದ್ದಿದ ಪತ್ರಿಕೆಗೆ ಅಂಕ.

ಕ್ಲಾಡ್ ಸ್ಟೀಲ್ 1988ರಲ್ಲಿ ಮಂಡಿಸಿದ ಸ್ವದೃಢೀಕರಣದ ವಿಚಾರ ಇದಕ್ಕೆ ಹತ್ತಿರವಿದೆ. ಒಂದು ಕಡೆ ಗಾಯಗೊಂಡ ಸ್ವಗೌರವಕ್ಕೆ ಬದುಕಿನ ಇನ್ನೊಂದು ಕಡೆ ಆಸರೆ ಸಿಕ್ಕರೆ ಗಾಯವನ್ನು ಮುಚ್ಚಿಡುವ ಅಗತ್ಯ ಕಡಿಮೆಯಾಗುತ್ತದೆ ಎಂಬುದು ಅದರ ತಿರುಳು. ಜೆಫ್ರಿ ಕೋಹೆನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ಮುಖ್ಯವಾದ ಮೌಲ್ಯದ ಬಗ್ಗೆ ತರಗತಿಯಲ್ಲಿ ಚಿಕ್ಕ ಬರಹ ಬರೆದ ಅಮೆರಿಕದ ಕಪ್ಪು ವಿದ್ಯಾರ್ಥಿಗಳ ಅಂಕ ಸುಧಾರಿಸಿತ್ತು. ಆಮೇಲಿನ ಅಧ್ಯಯನಗಳಲ್ಲಿ ಕೆಲವು ಕಡೆ ಪರಿಣಾಮ ಕಂಡಿದೆ, ಕೆಲವು ಕಡೆ ಕಂಡಿಲ್ಲ. ಇದು ಮಂತ್ರವಲ್ಲ. ಆದರೆ ಮೆಕ್ಕೆಜೋಳದ ಲೆಕ್ಕ ಬಾಯಲ್ಲಿ ಮಾಡುವ ಹುಡುಗನಿಗೆ ಅವನ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆಸಿ, ಸಮಯ ಹೆಚ್ಚಿದಂತೆ ದೂರ ಹೆಚ್ಚುವ ನಕ್ಷೆಗೂ ಕ್ವಿಂಟಾಲ್ ಹೆಚ್ಚಿದಂತೆ ಹಣ ಹೆಚ್ಚುವ ನಕ್ಷೆಗೂ ಏನು ಸಂಬಂಧ ಎಂದು ಕೇಳಿದ ದಿನ ಅವನು ಓದಲಿಲ್ಲ ಎನ್ನಲಿಲ್ಲ. ಗೆರೆ ನೆಟ್ಟಗಿರುತ್ತದೆ, ದರ ಹೆಚ್ಚಾದರೆ ಇನ್ನೂ ಕಡಿದಾಗುತ್ತದೆ ಎಂದ. ಚಲನೆಯ ಪಾಠದಲ್ಲಿ ಜವವೂ ಅದೇ. ಮುಂದಿನ ಕಿರು ಪರೀಕ್ಷೆಗೆ ಅವನು ಎಷ್ಟು ಓದಿದ್ದನೋ ನನಗೆ ತಿಳಿಯದು, ಓದಿಲ್ಲ ಎಂದು ಸಾರಲಿಲ್ಲವೆಂಬುದನ್ನು ಮಾತ್ರ ಗಮನಿಸಿದೆ.

ಗಾದೆಯಲ್ಲಿ ನೆಲ ಡೊಂಕಿರಲಿಲ್ಲ ಎಂದು ನಾವು ಕೇಳಿದ ಕೂಡಲೇ ಒಪ್ಪಿಕೊಳ್ಳುತ್ತೇವೆ. ಯಾರೂ ಹೋಗಿ ನೋಡಿದವರಿಲ್ಲ. ತರಗತಿಯಲ್ಲಿ ಕೆಲವೊಮ್ಮೆ ನೆಲ ನಿಜಕ್ಕೂ ಡೊಂಕಿರುತ್ತದೆ: ಅಡಿಕೆಯ ರಾತ್ರಿಗಳು, ಕೊಟ್ಟಿಗೆಯ ತರಗೆಲೆ, ಅರ್ಥವಾಗದ ನಮ್ಮ ವಿವರಣೆ. ಕೆಲವೊಮ್ಮೆ ನೆಲ ನೆಟ್ಟಗಿದ್ದು ಕುಣಿತವನ್ನೇ ಇನ್ನೂ ಕಲಿಯಬೇಕಿರುತ್ತದೆ. ಮುಂದಿನ ಹಂತದ ಬೋಧನಾಭ್ಯಾಸಕ್ಕೆ ಹೋಗುವ ಕಿರಿಯ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಒಂದೇ. ಮಗು ನೆಪ ಹೇಳಿದಾಗ ಮೊದಲು ನೆಲ ನೋಡಿ, ಆಮೇಲೆ ಎಲ್ಲಿಯವರೆಗೆ ಸರಿ ಬಂತು ಎಂದು ಕೇಳಿ. ನಮ್ಮ ಪಾಠ ಕೆಟ್ಟ ದಿನವೂ ಇದೇ ಕ್ರಮವನ್ನು ನಮಗೂ ಅನ್ವಯಿಸಿಕೊಳ್ಳೋಣ.